ಓಡುತ್ತಿರುವ ಚಾನೆಲ್ಲಿನ ಮಧ್ಯೆ ಜಾಹೀರಾತು ಸೇರಿಸುವುದು ಹೇಗೆ: ಹೆಡ್‌ಎಂಡ್ ಕೋಣೆಯಿಂದ

ಓಡುತ್ತಿರುವ ಚಾನೆಲ್ಲಿಗೆ ನಾನು ಮೊದಲ ಸಲ ಜಾಹೀರಾತು ಸೇರಿಸಿದಾಗ ಜಾಹೀರಾತೇನೋ ಚೆನ್ನಾಗಿ ಬಂತು. ಎಡವಟ್ಟಾಗಿದ್ದು ಕಾರ್ಯಕ್ರಮಕ್ಕೆ ವಾಪಸ್ ಬಂದಾಗ. ಚಿತ್ರ ಅರ್ಧ ಸೆಕೆಂಡ್ ನಿಂತೇ ಹೋಯಿತು. ಆಮೇಲೆ ವಾರ್ತೆ ಓದುವವರ ತುಟಿ ಒಂದು ಹೇಳಿದರೆ ಧ್ವನಿ ಇನ್ನೊಂದು ಹೇಳುತ್ತಿತ್ತು. ನಾನು ಮಾನಿಟರಿಗೆ ಮೂಗು ತಾಗಿಸಿಕೊಂಡು ಚಿತ್ರವನ್ನೇ ನೋಡುತ್ತಿದ್ದೆ. ಹಿಂದೆ ನಿಂತಿದ್ದ ಸೀನಿಯರ್ ಹೇಳಿದ್ದು ಇಷ್ಟೇ: ‘ಚಿತ್ರ ಬಿಡಮ್ಮಾ, ಗಡಿಯಾರ ನೋಡು.’

ಅವತ್ತು ಅರ್ಥವಾಗಲಿಲ್ಲ. ಈಗ ಹೊಸಬರು ಕೆಲಸಕ್ಕೆ ಸೇರಿದಾಗ ನಾನೂ ಅದನ್ನೇ ಹೇಳುತ್ತೇನೆ, ಅವರೂ ನನ್ನನ್ನು ಹಾಗೇ ಪಿಳಿಪಿಳಿ ನೋಡುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡೋಣ ಅನ್ನಿಸಿತು. ಹೆಡ್‌ಎಂಡ್ ಅಂದರೆ ಚಾನೆಲ್‌ಗಳೆಲ್ಲ ಬಂದು ಸೇರಿ, ಅಲ್ಲಿಂದ ಒಟ್ಟಾಗಿ ಕೇಬಲ್ಲಿಗೆ ಇಳಿಯುವ ಕೋಣೆ. ಈ ಕೆಲಸ ನಡೆಯುವುದು ಅಲ್ಲಿ.

ಮೊದಲು ಒಳಗೆ ಏನು ಬರುತ್ತಿದೆ ನೋಡಿ

ಚಾನೆಲ್ ಡಿಶ್‌ನಿಂದಲೋ ಫೈಬರಿನಿಂದಲೋ ಬರುತ್ತದೆ. ರಿಸೀವರ್ ಅದರ ಬೀಗ (ಗುಪ್ತಲಿಪಿ) ತೆಗೆದು ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಕೊಡುತ್ತದೆ, ಅಂದರೆ ಚಿತ್ರ, ಧ್ವನಿ ಎಲ್ಲ ಪುಟ್ಟ ಪೊಟ್ಟಣಗಳಾಗಿ ಸಾಗುವ ಡೇಟಾ ಹರಿವು. ಒಳಗಿನ ವಿಡಿಯೊ ಕುಗ್ಗಿಸಿದ ವಿಧಾನ ಎಂಪೆಗ್-2 ಇರಲಿ, ಎಚ್.264 ಇರಲಿ, ಹೊರಗಿನ ಪೊಟ್ಟಣ ಮಾತ್ರ ಒಂದೇ ಅಳತೆಯದು: 188 ಬೈಟ್. ಅದರಲ್ಲಿ ಮೊದಲ 4 ಬೈಟ್ ವಿಳಾಸದ ಚೀಟಿ. ಮೊದಲ ಬೈಟ್ ಯಾವಾಗಲೂ ಹೆಕ್ಸ್‌ನಲ್ಲಿ (16 ರ ಆಧಾರದ ಎಣಿಕೆಯಲ್ಲಿ) 47. ಅದನ್ನು ನೋಡಿಯೇ ಯಂತ್ರಗಳು ಪೊಟ್ಟಣ ಎಲ್ಲಿ ಶುರುವಾಯಿತು ಅಂತ ಗುರುತಿಸುವುದು. ಐಪಿ ಮೇಲೆ ಕಳಿಸುವಾಗ ಸಾಮಾನ್ಯವಾಗಿ ಇಂಥ 7 ಪ್ಯಾಕೆಟ್ ಸೇರಿಸಿ 1316 ಬೈಟಿನ ಒಂದು ಯುಡಿಪಿ ಪ್ಯಾಕೆಟ್ ಮಾಡುತ್ತಾರೆ. ನೆಟ್‌ವರ್ಕಿನಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಟಿವಿಯಲ್ಲಿ ಹೋಗುವುದು ಏಳು ಅಂತ ನೆನಪಿರಲಿ.

ಚೀಟಿಯಲ್ಲಿ 13 ಬಿಟ್‌ನ ಒಂದು ಸಂಖ್ಯೆ ಇರುತ್ತದೆ, ಪಿಐಡಿ ಅಂತ. 0 ಯಿಂದ 8191 ರವರೆಗೆ. ಪಿಐಡಿ 0 ಯಲ್ಲಿ ಬರುವುದು ಪ್ಯಾಟ್ ಅನ್ನುವ ಪಟ್ಟಿ. ಯಾವ ಚಾನೆಲ್ಲಿನ ವಿವರ ಯಾವ ಪಿಐಡಿಯಲ್ಲಿದೆ ಅಂತ ಅದು ಹೇಳುತ್ತದೆ. ಆ ವಿವರವೇ ಪಿಎಂಟಿ. ವಿಡಿಯೊ ಇಲ್ಲಿ, ಆಡಿಯೊ ಅಲ್ಲಿ ಅಂತ ಪಿಎಂಟಿ ತೋರಿಸಿಕೊಡುತ್ತದೆ. 8191 ಖಾಲಿ ಪೊಟ್ಟಣಗಳ ಸಂಖ್ಯೆ, ಬರೀ ಜಾಗ ತುಂಬುವುದಕ್ಕೆ. ಇದರ ಜೊತೆ 0 ಯಿಂದ 15 ರವರೆಗೆ ಎಣಿಸಿ ಮತ್ತೆ 0 ಗೆ ಬರುವ ಒಂದು ಪುಟ್ಟ ಎಣಿಕೆಯೂ ಇದೆ. ಎಣಿಕೆ ತಪ್ಪಿದರೆ ಮಧ್ಯೆ ಏನೋ ಕಳೆದುಹೋಗಿದೆ ಅಂತ ಅರ್ಥ.

ಇನ್ನು ಗಡಿಯಾರದ ವಿಷಯ. ಪಿಸಿಆರ್ ಅಂದರೆ ಗೋಡೆ ಗಡಿಯಾರ. ಅದು 27 ಮೆಗಾಹರ್ಟ್ಸ್ ಲೆಕ್ಕದಲ್ಲಿ ಓಡುತ್ತದೆ. ಮನೆಯ ಸೆಟ್‌ಟಾಪ್ ಬಾಕ್ಸ್ ತನ್ನ ಗಡಿಯಾರವನ್ನು ಇದಕ್ಕೆ ಹೊಂದಿಸಿಕೊಳ್ಳುತ್ತದೆ. ಪಿಟಿಎಸ್ ಅಂದರೆ ಫ್ರೇಮಿನ ಕೈಗೆ ಕೊಟ್ಟ ಚೀಟಿ: ಗೋಡೆ ಗಡಿಯಾರ ಇಷ್ಟು ತೋರಿಸಿದಾಗ ನೀನು ತೆರೆಗೆ ಹೋಗು ಅಂತ. ಆಡಿಯೊಗೂ ಅಂಥದ್ದೇ ಚೀಟಿ ಇದೆ. ತುಟಿಗೂ ಮಾತಿಗೂ ಇರುವ ಸಂಬಂಧ ಈ ಚೀಟಿಗಳಲ್ಲೇ ಇರುವುದು, ಬೇರೆಲ್ಲೂ ಇಲ್ಲ. ಬಾಕ್ಸಿಗೆ ವಾರ್ತೆಯೂ ಗೊತ್ತಿಲ್ಲ, ತುಟಿಯೂ ಗೊತ್ತಿಲ್ಲ.

ಈ ಚೀಟಿಯ ಸಂಖ್ಯೆ 33 ಬಿಟ್‌ನದು, ಸೆಕೆಂಡಿಗೆ 90,000 ದಂತೆ ಏರುತ್ತದೆ. ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಒಮ್ಮೆ ನಮ್ಮ ಒಂದು ಚಾನೆಲ್ ವಿನಾಕಾರಣ ಎರಡು ಸೆಕೆಂಡ್ ನಿಂತು ಮುಂದೆ ಹೋಗತೊಡಗಿತು. ಸೋಮವಾರ ಸಂಜೆ ಆರಕ್ಕೆ, ಮಂಗಳವಾರ ಎಂಟೂವರೆಗೆ, ಬುಧವಾರ ರಾತ್ರಿ ಹನ್ನೊಂದಕ್ಕೆ. ಕರೆಂಟ್ ಅಂದರು, ಸ್ವಿಚ್ ಅಂದರು, ಎಸಿ ಅಂದರು. ಕೊನೆಗೆ ಒಬ್ಬ ಹುಡುಗ ಹರಿದ ಕಾಗದದ ಮೇಲೆ ಎರಡರ 33 ನೇ ಘಾತವನ್ನು 90,000 ದಿಂದ ಭಾಗಿಸಿದ. ಬಂದ ಉತ್ತರ 26 ಗಂಟೆ 30 ನಿಮಿಷ 43 ಸೆಕೆಂಡ್. ಮಧ್ಯೆ ಕೂತಿದ್ದ ಒಂದು ಹಳೆಯ ಯಂತ್ರಕ್ಕೆ ಸೊನ್ನೆ ದಾಟಲು ಬರುತ್ತಿರಲಿಲ್ಲ. ನಿಮ್ಮಲ್ಲೂ ಏನಾದರೂ ತೊಂದರೆ ದಿನಾ ಎರಡೂವರೆ ಗಂಟೆ ತಡವಾಗಿ ಬರುತ್ತಿದ್ದರೆ ಕರೆಂಟಿನವರನ್ನು ಕರೆಯಬೇಡಿ.

ಸೂಚನೆ ಬರುತ್ತಿದೆಯಾ?

ಜಾಹೀರಾತು ಎಲ್ಲಿ ಹಾಕಬಹುದು ಅಂತ ಚಾನೆಲ್‌ನವರೇ ಹೇಳುತ್ತಾರೆ. ಅನಲಾಗ್ ಕಾಲದಲ್ಲಿ ಫೋನಿನ ಗುಂಡಿ ಒತ್ತಿದಂಥ ಸದ್ದು ಬರುತ್ತಿತ್ತು. ಅದನ್ನು ಕೇಳಿ ಯಂತ್ರ ಟೇಪ್ ಓಡಿಸುತ್ತಿತ್ತು. ಈಗ ಆ ಕೆಲಸಕ್ಕೆ ಎಸ್‌ಸಿಟಿಇ 35 ಸಂದೇಶ ಇದೆ. ಅದೂ ಅದೇ ಸ್ಟ್ರೀಮಿನಲ್ಲಿ ತನ್ನದೇ ಪಿಐಡಿಯಲ್ಲಿ ಬರುತ್ತದೆ. ಪಿಎಂಟಿ ತೆರೆದು ನೋಡಿ. ಸ್ಟ್ರೀಮ್ ಟೈಪ್ ಹೆಕ್ಸ್‌ನಲ್ಲಿ 86 ಅಂತ ಒಂದು ಸಾಲು ಇರಬೇಕು, ‘ಸಿಯುಇಐ’ ಅನ್ನುವ ನಾಲ್ಕು ಅಕ್ಷರದ ಗುರುತೂ ಇರಬೇಕು.

ಆ ಸಾಲು ಇದ್ದೂ ಸಂದೇಶ ಬರದೇ ಇರುವುದು ಸಾಮಾನ್ಯ. ಬಹಳ ಸಲ ಕಾರಣ ನಮ್ಮದೇ ರಿಸೀವರ್. ವಿಡಿಯೊ ಆಡಿಯೊ ಬಿಟ್ಟು ಮಿಕ್ಕಿದ್ದನ್ನು ಸೋಸಿಬಿಡುವ ಸೆಟ್ಟಿಂಗ್ ಅದರಲ್ಲಿರುತ್ತದೆ. ಚಾನೆಲ್‌ನವರಿಗೆ ಫೋನ್ ಮಾಡಿ ಜಗಳ ಆಡುವ ಮುಂಚೆ ಅದನ್ನು ನೋಡಿ. ನಾನು ಜಗಳ ಆಡಿದ ಮೇಲೆ ನೋಡಿದ್ದೆ.

ಸಂದೇಶದಲ್ಲಿ ನೋಡಬೇಕಾದ್ದು ಹೆಚ್ಚೇನಿಲ್ಲ. ಇದು ಹೊರಗೆ (ಕಾರ್ಯಕ್ರಮದಿಂದ ಜಾಹೀರಾತಿಗೆ) ಹೋಗುವ ಸೂಚನೆಯೋ ವಾಪಸ್ ಬರುವ ಸೂಚನೆಯೋ ಅನ್ನುವ ಒಂದು ಬಿಟ್: 1 ಇದ್ದರೆ ಹೊರಗೆ, 0 ಇದ್ದರೆ ವಾಪಸ್. ಯಾವ ಪಿಟಿಎಸ್‌ಗೆ ಹೋಗಬೇಕು ಅನ್ನುವುದು. ಎಷ್ಟು ಹೊತ್ತು ಅನ್ನುವುದು. ಈ ಹೊತ್ತನ್ನೂ 90,000 ದ ಲೆಕ್ಕದಲ್ಲೇ ಬರೆದಿರುತ್ತಾರೆ, ಹಾಗಾಗಿ 30 ಸೆಕೆಂಡ್ ಅಂದರೆ 27,00,000. ಈ ಸಂಖ್ಯೆ ಕಂಡ ತಕ್ಷಣ ಗುರುತು ಹಿಡಿಯುವಷ್ಟು ನಿಮಗೆ ಬೇಗ ರೂಢಿಯಾಗುತ್ತದೆ. ಸಾಮಾನ್ಯವಾಗಿ ಸಂದೇಶ ಕನಿಷ್ಠ 4 ಸೆಕೆಂಡ್ ಮೊದಲೇ ಬರುತ್ತದೆ. ಅಷ್ಟರಲ್ಲಿ ಜಾಹೀರಾತಿನ ಸರ್ವರ್ ಫೈಲ್ ತೆಗೆದು ಸಿದ್ಧವಾಗಬೇಕು.

ಇಲ್ಲಿ ಒಂದು ಹಳ್ಳ ಇದೆ. ರಿಸೀವರಿಗೂ ಸ್ಪ್ಲೈಸರಿಗೂ (ಕಾರ್ಯಕ್ರಮ ಕತ್ತರಿಸಿ ಜಾಹೀರಾತು ಜೋಡಿಸುವ ಯಂತ್ರ) ನಡುವೆ ಯಾವುದಾದರೂ ಯಂತ್ರ ವಿಡಿಯೊದ ಪಿಟಿಎಸ್ ಬದಲಿಸಿದ್ದರೆ, ಸಂದೇಶದಲ್ಲಿರುವ ಹಳೆಯ ಸಮಯಕ್ಕೆ ಅರ್ಥವೇ ಇರುವುದಿಲ್ಲ. ಅದಕ್ಕೆಂದೇ ಸಂದೇಶದಲ್ಲಿ ‘ಪಿಟಿಎಸ್ ಅಡ್ಜಸ್ಟ್‌ಮೆಂಟ್’ ಅಂತ ಒಂದು ಜಾಗ ಬಿಟ್ಟಿದ್ದಾರೆ. ಸಮಯ ಬದಲಿಸಿದ ಯಂತ್ರ ಎಷ್ಟು ಬದಲಿಸಿದೆ ಅಂತ ಅಲ್ಲಿ ಬರೆಯಬೇಕು. ಒಳ್ಳೆಯ ಯಂತ್ರಗಳು ಬರೆಯುತ್ತವೆ. ಉಳಿದವು ಸುಮ್ನೆ ದಾಟಿಸಿಬಿಡುತ್ತವೆ. ಸಂದೇಶ ಕಣ್ಣಿಗೆ ಕಾಣುತ್ತಿದ್ದರೂ ಜಾಹೀರಾತು ಹೋಗುತ್ತಿಲ್ಲ ಅಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಕ್ಲಿಪ್ ಸಿದ್ಧ ಮಾಡುವುದು

ಕ್ಲಿಪ್ ಅಂದರೆ ಜಾಹೀರಾತಿನ ಫೈಲ್. ಕೆಲಸದ ಮುಕ್ಕಾಲು ಪಾಲು ಇಲ್ಲೇ. ಕಸಿ ಕಟ್ಟಿದವರಿಗೆ ಗೊತ್ತಿರುತ್ತದೆ, ಕಡ್ಡಿಯ ದಪ್ಪ ಗಿಡದ ದಪ್ಪಕ್ಕೆ ಹೊಂದದಿದ್ದರೆ ಎಷ್ಟು ಬಿಗಿಯಾಗಿ ಕಟ್ಟಿದರೂ ಹತ್ತುವುದಿಲ್ಲ. ಚಾನೆಲ್ ಎಚ್.264 ಆದರೆ ಕ್ಲಿಪ್ಪೂ ಎಚ್.264. ಚಿತ್ರದ ಅಳತೆ, ಸೆಕೆಂಡಿಗೆ ಎಷ್ಟು ಫ್ರೇಮ್, ಇಂಟರ್‌ಲೇಸ್ (ಬೆಸ ಸಾಲು, ಸಮ ಸಾಲು ಸರದಿಯಲ್ಲಿ ಬರುವುದು) ಹೌದೋ ಅಲ್ಲವೋ, ಆಡಿಯೊ ಯಾವ ಜಾತಿ, ಅದರಲ್ಲಿ ಎಷ್ಟು ಧ್ವನಿ ಚಾನೆಲ್, ಎಲ್ಲವೂ ಒಂದೇ ಇರಬೇಕು. ಚಾನೆಲ್ಲಿಗೆ ಎರಡು ಭಾಷೆಯ ಆಡಿಯೊ ಇದ್ದರೆ ಕ್ಲಿಪ್ಪಿಗೂ ಎರಡು ಬೇಕು, ಎರಡರಲ್ಲೂ ಅದೇ ಧ್ವನಿ ಇದ್ದರೂ ಪರವಾಗಿಲ್ಲ. ಇಲ್ಲದಿದ್ದರೆ ಎರಡನೇ ಭಾಷೆಯಲ್ಲಿ ನೋಡುವವರಿಗೆ ಜಾಹೀರಾತು ಮೂಕವಾಗಿ ಹೋಗುತ್ತದೆ.

ವಿಡಿಯೊದಲ್ಲಿ ಎಲ್ಲ ಫ್ರೇಮ್‌ಗಳೂ ಸ್ವತಂತ್ರ ಅಲ್ಲ. ಐ-ಫ್ರೇಮ್ ಮಾತ್ರ ತಾನೇ ಒಂದು ಪೂರ್ತಿ ಚಿತ್ರ. ಮಿಕ್ಕವು ಅಕ್ಕಪಕ್ಕದ ಫ್ರೇಮಿನಿಂದ ಸಾಲ ಪಡೆದು ಬದುಕುತ್ತವೆ. ಹಾಗಾಗಿ ಕ್ಲಿಪ್ ಐ-ಫ್ರೇಮಿನಿಂದಲೇ ಶುರುವಾಗಬೇಕು, ಎಚ್.264 ಆದರೆ ಅದು ಐಡಿಆರ್ ಆಗಿರಬೇಕು, ಅಂದರೆ ಮುಂದಿನ ಫ್ರೇಮ್‌ಗಳು ಅದಕ್ಕಿಂತ ಹಿಂದಿನವುಗಳ ಹತ್ತಿರ ಸಾಲಕ್ಕೆ ಹೋಗದಂತೆ ತಡೆಯುವ ಐ-ಫ್ರೇಮ್. ವಿಡಿಯೊ ಕುಗ್ಗಿಸುವ ಎನ್‌ಕೋಡರಿನಲ್ಲಿ ‘ಕ್ಲೋಸ್ಡ್ ಜಿಒಪಿ’ ಆಯ್ಕೆ ಮಾಡಿ. ಜಿಒಪಿ ಅಂದರೆ ಫ್ರೇಮ್‌ಗಳ ಗುಂಪು. ಆಗ ಒಂದು ಗುಂಪಿನ ಫ್ರೇಮ್ ಪಕ್ಕದ ಗುಂಪಿನ ಮನೆಗೆ ಸಾಲಕ್ಕೆ ಹೋಗುವುದಿಲ್ಲ. ಚಾನೆಲ್ ಕಡೆಯಲ್ಲೂ ಬಿಡುವು ಶುರುವಾಗುವ ಜಾಗದಲ್ಲಿ ಮತ್ತು ಮುಗಿಯುವ ಜಾಗದಲ್ಲಿ ಐ-ಫ್ರೇಮ್ ಇರಬೇಕು. ಅದು ಚಾನೆಲ್‌ನವರ ಎನ್‌ಕೋಡರ್ ಮಾಡಬೇಕಾದ ಕೆಲಸ. ಅವರು ಮಾಡದಿದ್ದರೆ ಸ್ಪ್ಲೈಸರ್ ಹತ್ತಿರದ ಐ-ಫ್ರೇಮ್ ಹುಡುಕಿ ಅಲ್ಲಿ ಕತ್ತರಿಸುತ್ತದೆ. ಜಾಹೀರಾತು ಮುಗಿದ ಮೇಲೆ ಇನ್ಯಾವುದೋ ಜಾಹೀರಾತಿನ ಬಾಲ ಮಿಂಚಿ ಮಾಯವಾಗುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಇದೇ ಅದು.

ಈಗ ನನ್ನ ಮೊದಲ ದಿನದ ತಪ್ಪಿಗೆ ಬರುತ್ತೇನೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ 30 ಸೆಕೆಂಡಿನ ವಿಡಿಯೊ ಸರಿಯಾಗಿ 750 ಫ್ರೇಮ್. ಆಡಿಯೊ ಲೆಕ್ಕ ಅಷ್ಟು ನೆಟ್ಟಗಿಲ್ಲ. 48 ಕಿಲೊಹರ್ಟ್ಸ್‌ನಲ್ಲಿ ಎಂಪೆಗ್ ಲೇಯರ್-2 ಆಡಿಯೊದ ಒಂದು ಫ್ರೇಮ್ 24 ಮಿಲಿಸೆಕೆಂಡ್. 30 ಸೆಕೆಂಡಿಗೆ ಸರಿಯಾಗಿ 1250 ಕೂರುತ್ತವೆ. ಆದರೆ ಡಾಲ್ಬಿಯ ಎಸಿ-3 ಫ್ರೇಮ್ 32 ಮಿಲಿಸೆಕೆಂಡ್. 30 ಸೆಕೆಂಡಿಗೆ 937 ಮತ್ತು ಅರ್ಧ! ಎಎಸಿ ಆದರೆ 1406 ಮತ್ತು ಕಾಲು. ಆಡಿಯೊ ಫ್ರೇಮನ್ನು ಅರ್ಧಕ್ಕೆ ಕತ್ತರಿಸಲಾಗದು. ಒಂದೋ ಬಿಡಬೇಕು, ಇಲ್ಲ ಪೂರ್ತಿ ಇಡಬೇಕು.

ಆ ಕೊನೆಯ ಫ್ರೇಮನ್ನು ಬಿಟ್ಟುಬಿಡಿ. ಇದು ನನ್ನ ಖಚಿತ ಅಭಿಪ್ರಾಯ. ಆಡಿಯೊ ವಿಡಿಯೊಗಿಂತ ಒಂದು ಚೂರು ಗಿಡ್ಡ ಇರಲಿ, ಉದ್ದ ಮಾತ್ರ ಇರಬಾರದು. 16 ಮಿಲಿಸೆಕೆಂಡಿನ ಮೌನ ಯಾರ ಕಿವಿಗೂ ಬೀಳುವುದಿಲ್ಲ. ನನ್ನ ಕ್ಲಿಪ್ಪಿನಲ್ಲಿ ಸಂಗೀತ ಚಂದವಾಗಿ ಕರಗಲಿ ಅಂತ ಎಡಿಟ್ ಮಾಡಿದವರು ಚಿತ್ರ ಮುಗಿದ ಮೇಲೂ ಸುಮಾರು 400 ಮಿಲಿಸೆಕೆಂಡ್ ಬಾಲ ಬಿಟ್ಟಿದ್ದರು. ನಮ್ಮ ಸ್ಪ್ಲೈಸರ್ ಆ ಬಾಲ ಕತ್ತರಿಸಲಿಲ್ಲ. ಅದನ್ನು ಪೂರ್ತಿ ಮುಗಿಸಿ, ವಾರ್ತೆಯ ಆಡಿಯೊವನ್ನು ಅಷ್ಟು ಹಿಂದಕ್ಕೆ ತಳ್ಳಿತು. ವಿಡಿಯೊದ ಪಿಟಿಎಸ್ ಮಾತ್ರ ಹಾಗೇ ಇತ್ತು. ಮುಂದಿನ ಬಿಡುವಿನ ತನಕ ವಾರ್ತೆಯವರ ತುಟಿ ಮುಂದೆ, ಮಾತು ಹಿಂದೆ. ಈಗ ನಾನು ಪ್ರತಿ ಕ್ಲಿಪ್ಪಿನ ಶುರುವಿನಲ್ಲೂ ಕೊನೆಯಲ್ಲೂ ಎರಡು ಮೂರು ಆಡಿಯೊ ಫ್ರೇಮ್‌ನಷ್ಟು ಮೌನ ಕೇಳಿ ಪಡೆಯುತ್ತೇನೆ.

ಬಿಟ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ವಿಷಯ ಇನ್ನೂ ಸೂಕ್ಷ್ಮ. ಬಾಕ್ಸಿನೊಳಗೆ ಒಂದು ಬಫರ್ ಇದೆ, ನೀರಿನ ತೊಟ್ಟಿ ಅಂದುಕೊಳ್ಳಿ. ಮೇಲಿಂದ ನಲ್ಲಿ ಸುರಿಯುತ್ತಿರುತ್ತದೆ. ಪ್ರತಿ ಫ್ರೇಮ್ ತನ್ನ ಸರದಿ ಬಂದಾಗ ಒಂದು ಪಾತ್ರೆ ನೀರು ಎತ್ತಿಕೊಂಡು ಹೋಗುತ್ತದೆ. ಐ-ಫ್ರೇಮ್ ತರುವುದು ದೊಡ್ಡ ಕೊಡ, ಉಳಿದವು ಚೊಂಬು. ಕಾರ್ಯಕ್ರಮ ಕತ್ತರಿಸಿದ ಕ್ಷಣದಲ್ಲಿ ತೊಟ್ಟಿ ಎಷ್ಟು ತುಂಬಿದೆ ಅಂತ ಕ್ಲಿಪ್ ಮಾಡಿದವರಿಗೆ ಗೊತ್ತಿರುವುದಿಲ್ಲ. ತೊಟ್ಟಿ ತಳ ಕಂಡಿರುವಾಗ ಕ್ಲಿಪ್ಪಿನ ಮೊದಲ ಕೊಡ ಬಂದು ನಿಂತರೆ ನೀರಿಲ್ಲ, ಚಿತ್ರ ನಿಲ್ಲುತ್ತದೆ. ತುಂಬಿರುವಾಗ ಮೇಲಿಂದ ಜಾಸ್ತಿ ಸುರಿದರೆ ಚೆಲ್ಲುತ್ತದೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಇದಕ್ಕೆ ಅಗ್ಗದ ಉಪಾಯ ಒಂದಿದೆ: ಕ್ಲಿಪ್ಪಿನ ಮೊದಲ ಐದಾರು ಫ್ರೇಮ್ ಕಪ್ಪಾಗಿರಲಿ. ಬರೀ ಕಪ್ಪು ಚಿತ್ರಕ್ಕೆ ಬಿಟ್‌ಗಳು ಬಹಳ ಕಡಿಮೆ ಸಾಕು. ಅಷ್ಟರಲ್ಲಿ ತೊಟ್ಟಿ ಒಂದು ಹದಕ್ಕೆ ಬರುತ್ತದೆ. ಜಾಹೀರಾತು ಕೊಟ್ಟವರು ‘ನಮ್ಮ ಕಾಲು ಸೆಕೆಂಡ್ ಎಲ್ಲಿ’ ಅಂತ ಗೊಣಗಿದರೆ ಗೊಣಗಲಿ.

ಕ್ಲಿಪ್ಪಿನ ವೇಗ ಆ ಚಾನೆಲ್ಲಿಗೆ ಸಿಗುವ ಜಾಗಕ್ಕಿಂತ ಸ್ವಲ್ಪ ಕೆಳಗೇ ಇರಲಿ. 6 ಮೆಗಾಹರ್ಟ್ಸ್ ಅಗಲದ ಒಂದು 256-ಕ್ವಾಮ್ ವಾಹಕದಲ್ಲಿ (ಡೇಟಾವನ್ನು ಕೇಬಲ್ಲಿನ ಮೇಲೆ ಹೊರುವ ಅಲೆ) ಸುಮಾರು 38.8 ಎಂಬಿಪಿಎಸ್ ಹೋಗುತ್ತದೆ, 8 ಮೆಗಾಹರ್ಟ್ಸ್‌ನಲ್ಲಿ ಸುಮಾರು 50. ಅದನ್ನು ಹತ್ತಾರು ಚಾನೆಲ್ ಹಂಚಿಕೊಳ್ಳುತ್ತವೆ, ಅದೂ ಕ್ಷಣಕ್ಷಣಕ್ಕೂ ಬೇರೆ ಬೇರೆ ಪಾಲಿನಲ್ಲಿ. ಪಕ್ಕದ ಚಾನೆಲ್ಲಿನಲ್ಲಿ ಪಂದ್ಯ ನಡೆಯುತ್ತಿದ್ದರೆ ಅದಕ್ಕೆ ಜಾಸ್ತಿ ಬೇಕು. ನೀವು ಹಟ ಹಿಡಿದು ದೊಡ್ಡ ಕ್ಲಿಪ್ ತೂರಿಸಿದರೆ ಚಾನೆಲ್‌ಗಳನ್ನು ಒಟ್ಟು ಸೇರಿಸುವ ಮಲ್ಟಿಪ್ಲೆಕ್ಸರ್ ಅದನ್ನು ಹಿಂಡುತ್ತದೆ, ಕೊನೆಗೆ ಮಸುಕಾಗುವುದು ನಿಮ್ಮ ಜಾಹೀರಾತೇ.

ಧ್ವನಿಯ ಮಟ್ಟ ಅಳೆಯದೆ ಯಾವ ಫೈಲನ್ನೂ ಒಳಗೆ ಬಿಡಬೇಡಿ. ಯುರೋಪಿನ ಆರ್128 ಪ್ರಕಾರ ಮೈನಸ್ 23 ಎಲ್‌ಯುಎಫ್‌ಎಸ್, ಅಮೆರಿಕದ ಎ/85 ಪ್ರಕಾರ ಮೈನಸ್ 24 ಎಲ್‌ಕೆಎಫ್‌ಎಸ್ (ಹೆಸರು ಬೇರೆ, ಎರಡೂ ಧ್ವನಿಯ ಜೋರು ಅಳೆಯುವ ಒಂದೇ ಅಳತೆ). ನಿಮ್ಮಲ್ಲಿ ಯಾವುದು ನಡೆಯುತ್ತದೋ ಅದನ್ನು ಹಿಡಿಯಿರಿ. ಚಿತ್ರ ಒಡೆದರೆ ಜನ ಸಹಿಸುತ್ತಾರೆ, ಮಲಗಿದ ಮಗು ಎದ್ದರೆ ಫೋನ್ ಮಾಡುತ್ತಾರೆ.

ಯಾವುದಾದ ಮೇಲೆ ಯಾವುದು

ಸಿಗ್ನಲ್ ಹೋಗುವ ದಾರಿಯ ಕ್ರಮ ಹೀಗಿರಬೇಕು. ಬೀಗ ತೆಗೆಯುವುದು, ಸ್ಪ್ಲೈಸ್ ಮಾಡುವುದು, ಬೇರೆ ಚಾನೆಲ್‌ಗಳ ಜೊತೆ ಸೇರಿಸುವುದು, ನಮ್ಮ ಬೀಗ ಹಾಕುವುದು, ಕ್ವಾಮ್‌ಗೆ ಕೊಡುವುದು. ಬೀಗ ಹಾಕಿದ ಮೇಲೆ ಸ್ಪ್ಲೈಸರ್ ಇಟ್ಟರೆ ಅದಕ್ಕೆ ಪ್ಯಾಕೆಟ್ಟಿನ ಮೇಲಿನ ಚೀಟಿ ಕಾಣುತ್ತದೆಯೇ ಹೊರತು ಒಳಗೆ ಐ-ಫ್ರೇಮ್ ಎಲ್ಲಿದೆ ಅನ್ನುವುದು ಕಾಣುವುದಿಲ್ಲ.

ಸ್ಪ್ಲೈಸ್ ಆಗುವ ಕ್ಷಣದಲ್ಲಿ ನಿಜವಾಗಿ ನಡೆಯುವುದು ಲೆಕ್ಕ ತಿದ್ದುವ ಕೆಲಸ. ಕ್ಲಿಪ್ಪಿನ ಪಿಐಡಿಗಳನ್ನು ಚಾನೆಲ್ಲಿನ ಪಿಐಡಿಗಳಿಗೆ ಬದಲಿಸುತ್ತಾರೆ. 0 ಯಿಂದ 15 ರ ಎಣಿಕೆಯನ್ನು ನಿಂತಲ್ಲಿಂದ ಮುಂದುವರಿಸುತ್ತಾರೆ. ಕ್ಲಿಪ್ಪಿನ ಪಿಸಿಆರ್, ಪಿಟಿಎಸ್ ಎಲ್ಲವನ್ನೂ ಚಾನೆಲ್ಲಿನ ಗಡಿಯಾರಕ್ಕೆ ಹೊಂದುವಂತೆ ಹೊಸದಾಗಿ ಬರೆಯುತ್ತಾರೆ. ಸರಿಯಾಗಿ ಆದರೆ ಬಾಕ್ಸಿಗೆ ಏನೂ ಬದಲಾದದ್ದೇ ಗೊತ್ತಾಗುವುದಿಲ್ಲ. ಪಿಎಂಟಿಯನ್ನು ಮಾತ್ರ ಮುಟ್ಟಬೇಡಿ. ಬಿಡುವು ಬಂದಾಗಲೆಲ್ಲ ಪಿಎಂಟಿ ಬದಲಾದರೆ ಕೆಲವು ಬಾಕ್ಸ್‌ಗಳು ಹೊಸ ಚಾನೆಲ್ ಹಾಕಿದವರಂತೆ ಕಪ್ಪಾಗಿ ಮತ್ತೆ ಶುರು ಮಾಡುತ್ತವೆ.

ಚಿತ್ರದ ಕೆಳಗೆ ಸಾಲು ಓಡಿಸಬೇಕು, ಮೂಲೆಯಲ್ಲಿ ಲೋಗೊ ಇಡಬೇಕು ಅನ್ನುವುದು ಬೇರೆಯೇ ಕೆಲಸ. ಕಂಪ್ರೆಸ್ ಆದ ಚಿತ್ರದ ಮೇಲೆ ನೇರವಾಗಿ ಬರೆಯುವುದು ಸುಲಭವಲ್ಲ. ಸಾಮಾನ್ಯವಾಗಿ ಡಿಕೋಡ್ ಮಾಡಿ, ಬರೆದು, ಮತ್ತೆ ಎನ್‌ಕೋಡ್ ಮಾಡಬೇಕು. ಚಿತ್ರದ ಗುಣ ಸ್ವಲ್ಪ ಇಳಿಯುತ್ತದೆ, ಒಂದೆರಡು ಸೆಕೆಂಡ್ ತಡವೂ ಆಗಬಹುದು. ಆ ಯಂತ್ರ ಎಸ್‌ಸಿಟಿಇ 35 ಸಂದೇಶವನ್ನೂ ಅಷ್ಟೇ ತಡವಾಗಿಸಿ ದಾಟಿಸುತ್ತದಾ ಅಂತ ಕೊಳ್ಳುವ ಮುಂಚೆಯೇ ಕೇಳಿ.

ಪರೀಕ್ಷೆ

ಕಂಪ್ಯೂಟರಿನ ಪ್ಲೇಯರ್‌ನಲ್ಲಿ ನೋಡಿ ಚೆನ್ನಾಗಿದೆ ಅನ್ನಬೇಡಿ. ಅದು ಎಲ್ಲ ತಪ್ಪನ್ನೂ ಕ್ಷಮಿಸುತ್ತದೆ. ಜನರ ಮನೆಯಲ್ಲಿರುವುದರಲ್ಲೇ ಅತಿ ಹಳೆಯ, ಅತಿ ಮೊಂಡು ಬಾಕ್ಸ್ ತಂದು ಕೋಣೆಯಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ಅಂಥದ್ದೊಂದಕ್ಕೆ ‘ಅತ್ತೆ’ ಅಂತಲೇ ಹೆಸರು.

ಪರೀಕ್ಷೆಗೆ ಒಂದು ಕ್ಲಿಪ್ ನೀವೇ ಮಾಡಿಕೊಳ್ಳಿ. 30 ಸೆಕೆಂಡ್, ಪರದೆಯ ಮೇಲೆ ಫ್ರೇಮಿನ ಸಂಖ್ಯೆ, ಪ್ರತಿ ಸೆಕೆಂಡಿಗೂ ಒಂದು ಬಿಳಿ ಮಿಂಚು, ಅದೇ ಫ್ರೇಮಿನಲ್ಲಿ ಒಂದು ಬೀಪ್. ಔಟ್‌ಪುಟ್ ರೆಕಾರ್ಡ್ ಮಾಡಿ ಮೊದಲ ಸಂಖ್ಯೆ ಯಾವುದು, ಕೊನೆಯದು ಯಾವುದು, ಬೀಪ್ ಮಿಂಚಿನ ಜೊತೆಗೇ ಇದೆಯಾ ನೋಡಿದರೆ ಸಾಕು. ಸ್ಟ್ರೀಮ್ ತಪಾಸಣೆ ಮಾಡುವ ದುಬಾರಿ ಅನಲೈಸರ್ ಇಲ್ಲದಿದ್ದರೆ ಟಿಎಸ್‌ಡಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದರ ಸ್ಪ್ಲೈಸ್‌ಮಾನಿಟರ್ ಪ್ಲಗಿನ್ ಬರುವ ಸೂಚನೆಗಳನ್ನು ತೋರಿಸುತ್ತದೆ. ಸ್ಪ್ಲೈಸ್‌ಇಂಜೆಕ್ಟ್ ಪ್ಲಗಿನ್‌ನಿಂದ ನೀವೇ ಸೂಚನೆ ಹಾಕಿ ಅಭ್ಯಾಸ ಮಾಡಬಹುದು, ಖಂಡಿತ ರೆಕಾರ್ಡ್ ಮಾಡಿದ ಫೈಲಿನ ಮೇಲೆ, ಓಡುತ್ತಿರುವ ಚಾನೆಲ್ ಮೇಲೆ ಅಲ್ಲ.

ಅನಲೈಸರಿನಲ್ಲಿ ಟಿಆರ್ 101 290 ಅನ್ನುವ ತಪಾಸಣೆ ಪಟ್ಟಿಯ ಮೊದಲ ದರ್ಜೆಯ ತಪ್ಪುಗಳು ಒಂದೂ ಇರಬಾರದು. ಪ್ಯಾಟ್, ಪಿಎಂಟಿ ಅರ್ಧ ಸೆಕೆಂಡಿನೊಳಗೆ ಮತ್ತೆ ಮತ್ತೆ ಬರುತ್ತಿರಬೇಕು, 0 ಯಿಂದ 15 ರ ಎಣಿಕೆ ತಪ್ಪಬಾರದು. ಪಿಸಿಆರ್ 100 ಮಿಲಿಸೆಕೆಂಡಿಗೊಮ್ಮೆಯಾದರೂ ಕಾಣಬೇಕು. ತಪ್ಪಿನ ಸಮಯವನ್ನು ಬಿಡುವಿನ ಸಮಯದ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಆದರೆ ಸ್ಪ್ಲೈಸರಿನ ತಪ್ಪು, ಅಲ್ಲದಿದ್ದರೆ ನೆಟ್‌ವರ್ಕ್ ಹುಡುಕಿ.

ಹೊರಗೆ ಹೋಗುವುದನ್ನು ಎಲ್ಲರೂ ಪರೀಕ್ಷೆ ಮಾಡುತ್ತಾರೆ, ವಾಪಸ್ ಬರುವುದನ್ನು ಮರೆಯುತ್ತಾರೆ. ನೇರ ಪ್ರಸಾರದಲ್ಲಿ ಬಿಡುವು 60 ಸೆಕೆಂಡ್ ಅಂತ ಹೇಳಿ, ಆಟ ಬೇಗ ಶುರುವಾಯಿತು ಅಂತ 40 ಕ್ಕೇ ವಾಪಸ್ ಕರೆಯಬಹುದು. ಆಗ ಎರಡನೇ ಜಾಹೀರಾತು ಮಧ್ಯಕ್ಕೇ ತುಂಡಾಗಬೇಕು, ಚಿತ್ರವೂ ಧ್ವನಿಯೂ ಒಟ್ಟಿಗೆ. ಈ ಬೇಗ ಬರುವ ಸೂಚನೆಯನ್ನು ಬೇಕೆಂದೇ ಹಾಕಿ ನೋಡಿ. ಆಮೇಲೆ ಲಾಗ್ ತೆರೆಯಿರಿ. ಅದರಲ್ಲಿ ಎರಡನೇ ಜಾಹೀರಾತು ‘ಪೂರ್ತಿ ಹೋಯಿತು’ ಅಂತ ಬರೆದಿದ್ದರೆ ಸ್ಪ್ಲೈಸರ್ ಸರಿ ಇದ್ದರೂ ಸರ್ವರ್ ಸುಳ್ಳು ಹೇಳುತ್ತಿದೆ ಅಂತ ಅರ್ಥ. ಬಿಲ್ ಹೋಗುವುದು ಆ ಲಾಗ್ ನೋಡಿಕೊಂಡು. ನಾನು ಇದನ್ನು ಮೂರು ರಾತ್ರಿ ಬೇರೆ ಬೇರೆ ಹೊತ್ತಿನಲ್ಲಿ ಮಾಡಿ, ಅದರಲ್ಲಿ ಒಮ್ಮೆಯಾದರೂ ಪಿಟಿಎಸ್ ಸೊನ್ನೆ ದಾಟುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಚಾನೆಲನ್ನು ಶೆಡ್ಯೂಲಿಗೆ ಬಿಡುತ್ತೇನೆ.